ಗೆರೆಯಾಚೆ ನಿಂತ ನಿಂಬೆವ್ವ

ನಮ್ಮೂರಲ್ಲಿ ಸೊಂಟಕ್ಕಿಂತ ಮೇಲೆ ಹೋದ ಚೆಂಡು ಕೆಳಗೆ ಬರುವುದಿಲ್ಲ. ಕಲ್ಲು ಎಸೆದರೆ ಬರುತ್ತದೆ, ಚಪ್ಪಲಿ ಎಸೆದರೆ ಬರುತ್ತದೆ, ಗಂಡ ಹೆಂಡತಿ ಜಗಳದಲ್ಲಿ ಹಾರಿದ ತಟ್ಟೆಯೂ ಬರುತ್ತದೆ. ಚೆಂಡು ಮಾತ್ರ ಹೋದದ್ದು ಹೋಯಿತು. ಎರಡು ತಾಳೆಮರದ ಎತ್ತರಕ್ಕೆ ಏರಿ, ಅಲ್ಲೇ ಒಂದು ಜಾಗ ಹಿಡಿದು ನಿಂತುಬಿಡುತ್ತದೆ. ಮುತ್ತಜ್ಜಂದಿರು ಒದ್ದ ಚರ್ಮದ ಚೆಂಡುಗಳು ಈಗಲೂ ಅಲ್ಲೇ ಇವೆ, ಹೊಲಿಗೆ ಬಿಚ್ಚಿ ಬಾಯಿ ತೆರೆದುಕೊಂಡು. ಅವುಗಳೊಳಗೆ ಗುಬ್ಬಿ ಸಂಸಾರ ಮಾಡಿವೆ. ಅಂಚೆಯವನು ಮನೆ ಹುಡುಕುವುದು ಚೆಂಡು ನೋಡಿಕೊಂಡೇ: ತೇಪೆ ಚೆಂಡಿನ ಕೆಳಗಿನ ಮನೆ, ಜೋಡು ಚೆಂಡಿನ ಓಣಿ. ಶಾವಿಗೆ ಒಣಹಾಕುವ ಹೆಂಗಸರು ಚೆಂಡಿನ ನೆರಳು ಬೀಳದ ಕಡೆ ನೋಡಿ ಚಾಪೆ ಹಾಸುತ್ತಾರೆ. ಸಂಬಂಧ ನೋಡಲು ಬಂದವರು ಚಹಾ ಕುಡಿಯುತ್ತಾ, "ನಿಮ್ಮ ಮನಿಯವರವು ಮ್ಯಾಲೆ ಎಷ್ಟದಾವ?" ಅಂತ ಮೆಲ್ಲಗೆ ಕೇಳುತ್ತಾರೆ. ಜಾಸ್ತಿ ಇದ್ದರೆ ಸಿಟ್ಟಿನ ವಂಶ ಅಂತ ಅರ್ಥ. ನಮ್ಮ ಮನೆಯವು ಹದಿನಾಲ್ಕು ಇವೆ.

ಹೊರಗಿನವರು ಬಸ್ಸಿಳಿದ ಕೂಡಲೇ ಕುತ್ತಿಗೆ ಎತ್ತಿ ನಿಲ್ಲುತ್ತಾರೆ. ನಾವು ಮೇಲೆ ನೋಡುವವರಲ್ಲ. ನಮಗೆ ಗೊತ್ತಿರುವುದು ನೆಲ. ನಮ್ಮೂರ ಆಟ ನೋಡಬೇಕು ನೀವು. ಅಂಗಳದಲ್ಲಿ ಚೆಲ್ಲಿದ ನೀರು ತನ್ನ ದಾರಿ ತಾನೇ ಹುಡುಕಿಕೊಂಡು ಹೋಗುವ ಹಾಗೆ ಚೆಂಡು ಒಬ್ಬರ ಕಾಲಿನಿಂದ ಇನ್ನೊಬ್ಬರ ಕಾಲಿಗೆ ಹರಿಯುತ್ತದೆ. ಹಿಮ್ಮಡಿಗಿಂತ ಮೇಲೆ ಏಳುವುದಿಲ್ಲ. ಎದೆ ತಟ್ಟಿ ಹೇಳುತ್ತೇನೆ, ನೆಲಕ್ಕೆ ಇಷ್ಟು ಹತ್ತಿರ ಇಟ್ಟುಕೊಂಡು ಫುಟ್ಬಾಲ್ ಆಡುವವರು ಈ ಜಗತ್ತಿನಲ್ಲಿ ಇನ್ನೊಬ್ಬರಿಲ್ಲ.

ಆದರೂ ಒಮ್ಮೊಮ್ಮೆ ಚೆಂಡು ಹೋಗುತ್ತದೆ. ಆಗ ನಡೆಯುವ ಕ್ರಮ ಒಂದಿದೆ. ನಮ್ಮಲ್ಲಿ ರೆಫರಿ ಇಲ್ಲ, ಸೀಟಿ ಇಲ್ಲ. ತಪ್ಪು ಯಾರದೋ ಅವರೇ ಬಲಗೈ ಎತ್ತಬೇಕು, ಎತ್ತಿದ ಕೈ ಹಾಗೇ ಇಟ್ಟುಕೊಂಡು ಸುಣ್ಣದ ಗೆರೆ ದಾಟಿ ಹೊರಗೆ ನಿಲ್ಲಬೇಕು. ಒದ್ದವನೇ ಎತ್ತಬೇಕೆಂದಿಲ್ಲ, ಯಾರಾದರೂ ನೂಕಿದ್ದರಿಂದ ಚೆಂಡು ಎದ್ದರೆ ನೂಕಿದವನು ಎತ್ತುತ್ತಾನೆ. ಬಯಲಿಗೆ ಗೆರೆ ಹಾಕುವ ಭರಮಜ್ಜನೇ ಒಂದು ಸಲ ಕೈ ಎತ್ತಿದ್ದ, ಅವನು ಹಾಕಿದ ಸುಣ್ಣದ ಹೆಂಟೆಗೆ ತಾಗಿ ಚೆಂಡು ಪುಟಿದಿತ್ತು ಅಂತ. ಹೊರಗೆ ಹೋದವರನ್ನು ಮತ್ತೆ ಕರೆಯುವ ಹಕ್ಕು ಚೆಂಡಿನ ಒಡೆಯನಿಗೆ. ಅವನು "ಒಳಗ ಬಾ" ಅನ್ನಬೇಕು. ಸಾಮಾನ್ಯವಾಗಿ ಎರಡು ನಿಮಿಷಕ್ಕೆ, ಬಹಳ ಸಿಟ್ಟಿದ್ದರೆ ಮರುದಿನಕ್ಕೆ ಅಂದುಬಿಡುತ್ತಾರೆ. ಅನ್ನುವ ತನಕ ಆ ಮನುಷ್ಯ ಊರ ಬಯಲಿಗೆ ಕಾಲಿಡುವಂತಿಲ್ಲ, ಬೇರೆ ಯಾರು ಕರೆದರೂ ನಡೆಯುವುದಿಲ್ಲ.

ನನ್ನ ಹೆಸರು ಮೈಲಾರಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಮಾಸ್ತರರ ಮೇಜಿನ ಮೇಲೆ ಪುಸ್ತಕ ಒಗೆದು ಎದ್ದು ಬಂದೆ ಅನ್ನಬೇಕು. ಯಾಕೆ ಒಗೆದೆ ಅಂತ ಈಗ ನೆನಪಿಲ್ಲ, ಸಿಟ್ಟು ಮಾತ್ರ ನೆನಪಿದೆ. ಬಂದವನು ದಾವಲಸಾಬ ಕಾಕಾನ ಪಂಕ್ಚರ್ ಅಂಗಡಿಗೆ ಸೇರಿದೆ. ಸೈಕಲ್ಲಿಗೆ ಪಂಕ್ಚರ್ ಹಾಕುವುದು ಹೆಸರಿಗೆ. ನಮ್ಮೂರಲ್ಲಿ ಆ ಅಂಗಡಿಯ ನಿಜವಾದ ಕೆಲಸ ಚೆಂಡು ಹೊಲಿಯುವುದು. ಒಂದೂವರೆ ವರ್ಷ ನಾನು ಬ್ಲಾಡರಿಗೆ ಗಾಳಿ ಹೊಡೆದೆ, ಮೇಣ ಹಚ್ಚಿ ದಾರ ತೀಡಿದೆ. ಆಮೇಲೆ ನನ್ನ ಮೊದಲ ಚೆಂಡು ಹೊಲಿದೆ. ಕೆಂಪು ಚರ್ಮ, ಮೂವತ್ತೆರಡು ತುಂಡು, ಬೆರಳ ತುದಿಯಲ್ಲಿ ಈಗಲೂ ಸೂಜಿಯ ಗುರುತುಗಳಿವೆ. ಹದಿನಾಲ್ಕು ವರ್ಷದವನಿಗೆ ಅದಕ್ಕಿಂತ ದೊಡ್ಡದು ಏನಿರುತ್ತದೆ? ದಾವಲಸಾಬ ಕಾಕಾ ಚೆಂಡನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಒಂದ್ವಾರ ಇಲ್ಲೇ ಇರಲಿ ತಮ್ಮಾ, ಉಳ್ಳಿಸಿ ನೋಡೂಣು" ಅಂದ. ನನಗೆ ಒಂದು ತಾಸು ಕಾಯುವ ತಾಳ್ಮೆ ಇರಲಿಲ್ಲ. ಅವತ್ತು ಸಂಜೆಯೇ ಬಯಲಿಗೆ ಒಯ್ದೆ.

ಆಟ ಶುರುವಾಗಿ ಕಾಲು ತಾಸು ಆಗಿರಲಿಕ್ಕಿಲ್ಲ. ನನ್ನ ತಂಗಿ ನಿಂಬೆವ್ವ, ಆಗ ಹನ್ನೊಂದು ವರ್ಷ, ಎದುರು ತಂಡದಲ್ಲಿದ್ದಳು. ಚೆಂಡು ಅವಳ ಕಡೆ ಉರುಳಿತು, ಅವಳು ಎಂದಿನ ಹಾಗೆ ಪಾದದ ಒಳಬದಿಯಿಂದ ತಳ್ಳಿದಳು, ಅದು ಒಮ್ಮೆ ಕುಪ್ಪಳಿಸಿ ಅವಳ ಮೊಣಕಾಲಿಗೆ ಬಡಿದು ಹೋಯಿತು. ನನ್ನ ಕೆಂಪು ಚೆಂಡು, ಒಂದು ದಿನವೂ ಮಣ್ಣಾಗದ ಚೆಂಡು, ಬಯಲಂಚಿನ ಹುಣಸೆಮರ ದಾಟಿ ಮೇಲೆ ಹೋಗಿ ನಿಂತಿತು. ನಿಂಬೆವ್ವ ಅಳಲಿಲ್ಲ, ಬಲಗೈ ಎತ್ತಿದಳು, ಗೆರೆ ದಾಟಿ ಹೊರಗೆ ನಿಂತು ನನ್ನ ಮುಖ ನೋಡಿದಳು.

ನಾನು ಕರೆಯಲಿಲ್ಲ.

ನಾಳೆ ಕರೆದರಾಯಿತು ಅಂದುಕೊಂಡೆ. ನಾಳೆ ಬಂದಾಗ, ಅವಳೇ ಒಂದು ಮಾತು ಕೇಳಲಿ ಅಂದುಕೊಂಡೆ. ಅವಳು ಕೇಳುವ ಜಾತಿಯವಳಲ್ಲ. ಒಂದು ತಿಂಗಳು ದಿನಾ ಸಂಜೆ ಬಂದು ಅದೇ ಜಾಗದಲ್ಲಿ ಕೈ ಎತ್ತಿ ನಿಂತಳು, ನಾನು ದಿನಾ ಅವಳ ಮುಂದೆಯೇ ಆಡಿದೆ. ಮನೆಯಲ್ಲಿ ರೊಟ್ಟಿ ಕೊಡು, ನೀರು ತಾ ಅನ್ನುವ ಮಾತಿಗೆ ಕೊರತೆ ಇರಲಿಲ್ಲ. ಈ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ. ಅವ್ವ ಒಂದೇ ಸಲ ಹೇಳಿದಳು, "ಚೆಂಡಿಗಿಂತಾ ತಂಗಿ ಹಗುರಾದಳೇನೋ ನಿನಗ?" ನಾನು ಊಟದ ತಟ್ಟೆ ಬಿಟ್ಟು ಎದ್ದುಹೋದೆ. ಆ ತಟ್ಟೆಯನ್ನೂ ಎಸೆದೆ ಅಂತ ಅವ್ವ ಹೇಳುತ್ತಾಳೆ, ಇರಬಹುದು.

ತಿಂಗಳಾದ ಮೇಲೆ ನಿಂಬೆವ್ವ ಬಯಲಿಗೆ ಬರುವುದು ಬಿಟ್ಟಳು. ನೀರಿಲ್ಲದ ಕೆರೆಯಂಗಳದಲ್ಲಿ ಒಬ್ಬಳೇ ಬಟ್ಟೆ ಚೆಂಡು ಉರುಳಿಸುತ್ತಿದ್ದಳು. ಅಲ್ಲಿಯ ಮಣ್ಣು ಬಿರುಕು ಬಿಟ್ಟು ಹಂಚಿನ ಹಾಗೆ ಇರುತ್ತದೆ. ಅದರ ಮೇಲೆ ಚೆಂಡು ಏಳದ ಹಾಗೆ ಆಡುವುದು ಅಂದರೆ ತಮಾಷೆಯಲ್ಲ. ಹದಿನೈದಕ್ಕೆ ಅವ್ವನ ತವರಿಗೆ ಹೋದಳು. ಅಲ್ಲಿ ಮೊದಲ ಸಲ ಚೆಂಡು ಮೇಲಿಂದ ಬಂದು ತಲೆಗೆ ಬಡಿದಾಗ ಕೂತು ನಕ್ಕಳಂತೆ. ಅಲ್ಲಿನ ಡ್ರಿಲ್ ಟೀಚರಮ್ಮ ಅವಳ ಕಾಲು ನೋಡಿದರು, ಎಲ್ಲೆಲ್ಲಿಗೋ ಕರೆದೊಯ್ದರು. ಕಳೆದ ವರ್ಷ ಅವಳು ದೇಶದ ತಂಡಕ್ಕೆ ಬಂದಳು. ಮೂರನೇ ನಂಬರು, ಎಡಗಡೆ. ವರ್ಷಕ್ಕೆರಡು ಸಲ ಮನೆಗೆ ಬರುತ್ತಿದ್ದಳು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹತ್ತಿರದ ದಾರಿ ಬಯಲಿನ ನಡುವೆ ಇದೆ, ಅವಳು ಬ್ಯಾಗು ಹೊತ್ತುಕೊಂಡು ಸುತ್ತು ಹಾಕಿಯೇ ಬರುತ್ತಿದ್ದಳು. ಒಂಬತ್ತು ವರ್ಷ. ಊರಿನವರೂ ಏನೂ ಅನ್ನಲಿಲ್ಲ. ನಮ್ಮಲ್ಲಿ ಕ್ರಮ ಅಂದರೆ ಕ್ರಮ.

ಈ ಸಲದ ಅಂತರರಾಷ್ಟ್ರೀಯ ಟೂರ್ನಿಯ ಮೊದಲ ದಿನದ ಮೊದಲ ಆಟವೇ ನಮ್ಮದು. ಮಧ್ಯಾಹ್ನ ಎರಡಕ್ಕೆಲ್ಲ ಬಯಲಿನಲ್ಲಿ ಶಾಮಿಯಾನ ಎದ್ದಿತ್ತು, ಅದರ ಕೆಳಗೆ ಕಪಾಟಿನಷ್ಟು ದೊಡ್ಡ ಟೀವಿ. ಗಿರಣಿ ಬಂದ್, ಕಟಿಂಗ್ ಅಂಗಡಿ ಬಂದ್. ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಹಾಗೇ ಟವೆಲ್ ಸುತ್ತಿಕೊಂಡು ಬಂದು ಕೂತಿದ್ದ. ಅವ್ವನಿಗೆ ಮುಂದೆ ಕುರ್ಚಿ ಹಾಕಿದ್ದರು. ಆಕೆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಭರಮಜ್ಜ ಆಟ ಇಲ್ಲದಿದ್ದರೂ ಬೆಳಿಗ್ಗೆಯೇ ಬಯಲಿಗೆಲ್ಲ ಹೊಸ ಸುಣ್ಣ ಹಾಕಿದ್ದ. "ಅಲ್ಲಿ ಆಡಾಕಿ ನಮ್ಮಾಕಿ ಅಂದಮ್ಯಾಲ ಇಲ್ಲಿ ಗೆರಿ ಬ್ಯಾಡೇನು?" ಅಂದ. ನಾನು ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದೆ. ಕೂತರೆ ಯಾರಾದರೂ ಏನಾದರೂ ಅಂದಾರು, ನಾನು ಎದ್ದು ಏನಾದರೂ ಮಾಡಿಯೇನು ಅಂತ ಭಯ.

ಟೀವಿ ಚಾನೆಲ್‌ನವನೊಬ್ಬ ಮೈಕು ಹಿಡಿದು ಬಂದಿದ್ದ, ಜೊತೆಗೊಬ್ಬ ಕ್ಯಾಮೆರಾದವನು. ಬಂದಾಗಿನಿಂದ ಮೈಕಿನವನು ಆಕಾಶ ನೋಡಿ ನೋಡಿ ಕತ್ತು ತಿಕ್ಕಿಕೊಳ್ಳುತ್ತಿದ್ದ. "ಇದೆಲ್ಲ ಹೇಗೆ ಸಾರ್?" ಅಂತ ದಾವಲಸಾಬ ಕಾಕಾನನ್ನು ಕೇಳಿದ.

"ಯಾವುದ್ರೀ?" ಅಂದ ಕಾಕಾ.

"ಅದೇ, ಮೇಲಿರೋದು."

"ಅವಾ? ಒದ್ದದ್ದು," ಅಂದು ಕಾಕಾ ಎಲೆಗೆ ಸುಣ್ಣ ಹಚ್ಚತೊಡಗಿದ.

ನಾಲ್ಕು ಗಂಟೆಗೆ ಉದ್ಘಾಟನೆ ಶುರುವಾಯಿತು. ಮೂವತ್ತೆರಡು ದೇಶದ ಬಾವುಟ, ಕುಣಿಯುವವರು, ಹಾಡುವವರು. ಆಮೇಲೆ ಸಾವಿರಾರು ಬಲೂನು ಒಮ್ಮೆಗೇ ಮೇಲೆ ಬಿಟ್ಟರು. ಶಾಮಿಯಾನದ ಕೆಳಗಿನ ಅರ್ಧ ಜನ ಎದ್ದು ನಿಂತರು.

"ಅಯ್ಯಯ್ಯ, ಬೇಕಂತ ಬಿಟ್ರಲ್ಲೋ," ಅಂದಳು ಒಬ್ಬಾಕೆ.

"ಯಾಂವ ಕೈ ಎತ್ತಾಂವ ಈಗ?" ಅಂದ ಅರ್ಧ ಗಡ್ಡದವನು. ಎಲ್ಲರೂ ನಕ್ಕರು. ಚಾನೆಲ್‌ನವನಿಗೆ ಮಾತ್ರ ಅರ್ಥವಾಗಲಿಲ್ಲ.

ಆಮೇಲೆ ತಂಡಗಳು ಬಂದವು. ನಮ್ಮವರು ಬಿಳಿ ಜರ್ಸಿ, ಎದುರಿನವರು ಹಳದಿ. ಸಾಲಿನಲ್ಲಿ ನಿಂತ ಒಬ್ಬೊಬ್ಬರ ಮುಖವನ್ನೂ ಕ್ಯಾಮೆರಾ ತೋರಿಸುತ್ತಾ ಬಂತು. ಎಲ್ಲರೂ ಆಕಾಶದ ಕಡೆ ಗದ್ದ ಎತ್ತಿ ರಾಷ್ಟ್ರಗೀತೆ ಹಾಡುತ್ತಿದ್ದರು. ಒಬ್ಬಳು ಮಾತ್ರ ಕಾಲ ಕೆಳಗಿನ ಹುಲ್ಲು ನೋಡುತ್ತಾ ಹಾಡುತ್ತಿದ್ದಳು. ಹೆಸರು ಹೇಳುವ ಮೊದಲೇ ನಮ್ಮ ಜನಕ್ಕೆ ಗೊತ್ತಾಯಿತು. "ನೋಡ್ರಿ, ನೆಲಾ ನೋಡಾಕತ್ತಾಳ," ಅಂದ ಭರಮಜ್ಜ, ಮೂಗು ಒರೆಸಿಕೊಂಡ. ಅವ್ವ ಸೆರಗು ಸರಿಮಾಡಿಕೊಂಡಳು, ಟೀವಿಯೊಳಗಿನಿಂದ ಮಗಳು ನೋಡುತ್ತಾಳೆ ಅನ್ನುವ ಹಾಗೆ. ನಾನು ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಮೊದಲ ಹತ್ತು ನಿಮಿಷ ಏನು ಹೇಳಲಿ. ಎಡಗಡೆಯಿಂದ ಚೆಂಡು ಅವಳ ಕಾಲಿಗೆ ಅಂಟಿಕೊಂಡು ಹರಿಯುತ್ತಿತ್ತು. ಹಳದಿಯವರು ಎತ್ತರದ ಹೆಂಗಸರು, ಅವರಿಗೆ ಬಗ್ಗಿ ನೋಡಿ ರೂಢಿಯಿಲ್ಲ. "ಹಿಂಗೈತಿ ನೋಡ್ರಿ ನಮ್ಮೂರ ಕಾಲು," ಅಂತ ದಾವಲಸಾಬ ಕಾಕಾ ಚಾನೆಲ್‌ನವನ ತೊಡೆ ಚಿವುಟಿ ಚಿವುಟಿ ತೋರಿಸುತ್ತಿದ್ದ.

ಹನ್ನೊಂದನೇ ನಿಮಿಷಕ್ಕೆ ಹಳದಿಯ ಮೂವರು ಒಮ್ಮೆಗೇ ಅವಳ ಮೇಲೆ ಬಂದರು. ಬೇರೆ ದಾರಿಯಿರಲಿಲ್ಲ. ನಿಂಬೆವ್ವ ಚೆಂಡಿನ ಅಡಿಗೆ ಕಾಲು ಹಾಕಿ ಜೋರಾಗಿ ಎತ್ತಿ ಒದ್ದಳು. ಹೊರಗಿನವರ ಆಟದಲ್ಲಿ ಅದು ದಿನಾ ಮಾಡುವ ಕೆಲಸ, ಅವಳೂ ಐದು ವರ್ಷದಿಂದ ಮಾಡುತ್ತಿದ್ದಾಳೆ; ಒದೆಯುತ್ತಾಳೆ, ಚೆಂಡು ಬರುತ್ತದೆ, ಆಟ ನಡೆಯುತ್ತದೆ. ಆದರೆ ಆ ಚೆಂಡು ಸೂರ್ಯನ ನೇರಕ್ಕೆ ಹೋಯಿತು. ಅವಳು ತಲೆ ಎತ್ತಿ ನೋಡಿದಳು. ಸೂರ್ಯ ಇದ್ದ, ಚೆಂಡು ಇರಲಿಲ್ಲ. ಒಂದು ಗಳಿಗೆ ಕಾದಳು. ಬರಲಿಲ್ಲ. ಆಗ ಅವಳ ಬಲಗೈ ತಾನಾಗಿ ಮೇಲೆದ್ದಿತು.

ಎಂಬತ್ತು ಸಾವಿರ ಜನರ ನಡುವೆ, ಇಡೀ ಜಗತ್ತು ನೋಡುತ್ತಿರುವಾಗ, ನಮ್ಮ ನಿಂಬೆವ್ವ ಕೈ ಎತ್ತಿಕೊಂಡು ನಡೆದು ಗೆರೆ ದಾಟಿ ಹೊರಗೆ ಹೋಗಿ ನಿಂತಳು.

ಚೆಂಡು ಬಂತು. ಹಳದಿಯ ಏಳನೇ ನಂಬರಿನವಳ ಮುಂದೆ ಬಿತ್ತು. ನಮ್ಮ ಎಡಗಡೆ ಬಾಗಿಲು ತೆಗೆದಿಟ್ಟ ಮನೆಯಂತಿತ್ತು. ಅವಳು ಆರಾಮವಾಗಿ ಓಡಿಹೋಗಿ ಗೋಲು ಹೊಡೆದಳು.

ಚಾನೆಲ್‌ನವನು ನಕ್ಕ. ಟೀವಿಯೊಳಗೆ ವಿವರಣೆ ಹೇಳುವವರೂ ನಗುತ್ತಿದ್ದರು. ಏನಾಯಿತು ಅಂತ ಅವರಿಗೂ ತಿಳಿದಿರಲಿಲ್ಲ, ನೀರು ಕೇಳಲು ಹೋದಳೇನೋ ಅನ್ನುತ್ತಿದ್ದರು. ಶಾಮಿಯಾನದ ಕೆಳಗೆ ಮಾತ್ರ ಒಬ್ಬರೂ ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರಾದರೂ ಕೈ ಎತ್ತಿ ಹೊರಗೆ ಹೋದಾಗ ಕೂತು ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಚಾನೆಲ್‌ನವನು ಹುಡುಕಿಕೊಂಡು ನನ್ನ ಹತ್ತಿರವೇ ಬಂದು ಮೈಕು ಮುಂದೆ ಹಿಡಿದ. "ನೀವು ಅವರ ಅಣ್ಣ ಅಂತ ಗೊತ್ತಾಯ್ತು. ಮೊದಲ ದಿನಾನೇ ನಿಮ್ಮ ತಂಗಿ ಮಾಡಿದ ತಪ್ಪಿಂದ ಗೋಲು ಹೋಯ್ತು. ಏನನ್ನಿಸ್ತಿದೆ?"

ನನ್ನ ಕೈ ಮುಷ್ಟಿಯಾಗಿತ್ತು. ದಾವಲಸಾಬ ಕಾಕಾ ದೂರದಿಂದಲೇ "ಮೈಲಾರೀ" ಅಂದ. ನಾನು ಹೊಡೆಯಲಿಲ್ಲ. "ನಿಮ್ಮ ಊರಾಗ ತಪ್ಪು ಮಾಡಿದಾಂವ ಯಾಂವರ ತಾನಾಗೇ ಎದ್ದು ಹೊರಗ ಹೋಗ್ಯಾನೇನು?" ಅಂದೆ. "ನೋಡೀಯೇನು ನೀನು, ಒಬ್ಬನ್ನರ? ಸೀಟಿ ಊದ್ಲಿಲ್ಲ, ಯಾರೂ ಬೊಟ್ಟು ಮಾಡಿ ತೋರಿಸ್ಲಿಲ್ಲ. ತಾನಾಗೇ ಹೋಗಿ ನಿಂತಾಳ. ಅಕಿ ನಮ್ಮಾಕಿ. ಇದನ್ನ ಹಾಕು ನಿನ್ನ ಟೀವಿಯಾಗ."

ಅವನು ಮೈಕು ಕೆಳಗಿಳಿಸಿದ.

ಅಲ್ಲಿ ನಿಂಬೆವ್ವ ಇನ್ನೂ ನಿಂತೇ ಇದ್ದಳು. ಕೋಚಮ್ಮ ಬಾಯಿ ಮಾಡುತ್ತಿದ್ದರು. ನಮ್ಮ ಕ್ಯಾಪ್ಟನ್ ಬಂದು ರಟ್ಟೆ ಹಿಡಿದು ಎಳೆದಳು, ನಿಂಬೆವ್ವ ಅಲುಗಲಿಲ್ಲ. ರೆಫರಿ ಬಂದು, ಪೆಟ್ಟಾಗಿದೆಯಾ ಅಂತ ಅವಳ ಕಾಲು ಮುಟ್ಟಿ ನೋಡಿದರು. ಹತ್ತಿರದಿಂದ ಅವಳ ಮುಖ ತೋರಿಸಿದರು. ಚೆಂಡು ಬಿದ್ದದ್ದು, ಗೋಲಾದದ್ದು, ಎಲ್ಲವೂ ಅವಳಿಗೆ ಗೊತ್ತಾಗಿತ್ತು. ಒಳಗೆ ಹೋಗಬೇಕು ಅನ್ನುವುದೂ ಗೊತ್ತಿತ್ತು. ಆದರೆ ಎತ್ತಿದ ಕೈಯನ್ನು ತಾನೇ ಇಳಿಸಿಕೊಂಡು ಒಳಗೆ ನಡೆಯುವುದು ನಮ್ಮೂರಿನವರಿಗೆ ಬರುವುದಿಲ್ಲ. ಆ ಮುಖ ನಾನು ಒಂದು ತಿಂಗಳು ದಿನಾ ನೋಡಿದ್ದೆ.

"ಕರೀರೆಪಾ ಯಾರರ," ಅಂದಳು ಒಬ್ಬಾಕೆ. "ಹಂಗ ನಿಂತ್ರ ತಂಡದಿಂದ ತಗದು ಹಾಕ್ತಾರ. ನಾಳೆ ಬಸ್ಸಿಗೆ ಮನಿಗೆ ಕಳಸ್ತಾರ."

"ಯಾರು ಕರೀಬೇಕು? ಆ ಚೆಂಡು ಯಾರ್ದು?"

"ಕಂಪನೀದು."

"ಕಂಪನಿ ಬಂದು ಕರೀತೈತೇನು? ಚೆಂಡು ರೆಫರಿ ತಂದಾಳಲ್ಲ, ರೆಫರಿ ಕರೀಲಿ."

"ರೆಫರಿ ಬಗಲಾಗ ಇಟ್ಕೊಂಡು ಬಂದಕೂಡ್ಲೆ ಅಕಿದಾತೇನು? ಅಂಚಿಯವನ ಚೀಲದಾಗಿಂದು ಅಂಚಿಯವಂದೇನು?"

ಎಲ್ಲರೂ ಭರಮಜ್ಜನ ಕಡೆ ತಿರುಗಿದರು. ಭರಮಜ್ಜ ಕೋಲು ಊರಿ ಎದ್ದು ನಿಂತ. ಟೀವಿ ನೋಡಿದ, ಆಮೇಲೆ ಅವನು ಎಂದೂ ನೋಡದ ಕಡೆ, ಆಕಾಶದ ಕಡೆ ನೋಡಿದ. "ಆ ಚೆಂಡಿನ ಮಾತು ಬಿಡ್ರಿ," ಅಂದ. "ಅದು ಬಂತು. ಬಂದದ್ದಕ್ಕ ಕೈ ಎತ್ತೂದಿಲ್ಲ. ಬರಲಾರದ್ದು ಒಂದ ಐತಿ. ಅಕಿ ಅವತ್ತು ಹೊರಗ ಹೋದಾಕಿ ಇನ್ನಾ ಒಳಗ ಬಂದಿಲ್ಲ. ಒಳಗ ಬರಲಾರದಾಕಿನ್ನ ಮತ್ತೊಬ್ಬರು ಹ್ಯಾಂಗ ಕರದಾರು?"

ಮೆಲ್ಲಗೆ ಎಲ್ಲ ತಲೆಗಳೂ ಹಿಂದಕ್ಕೆ, ನನ್ನ ಕಡೆ ತಿರುಗಿದವು. ಅರ್ಧ ಗಡ್ಡದವನು, ದಾವಲಸಾಬ ಕಾಕಾ, ಓಣಿಯ ಹೆಂಗಸರು, ಎಲ್ಲರೂ. ಅವ್ವ ಒಬ್ಬಳೇ ತಿರುಗಲಿಲ್ಲ. ಟೀವಿಯನ್ನೇ ನೋಡುತ್ತಾ ಕೂತಿದ್ದಳು.

ಒಂಬತ್ತು ವರ್ಷದ ಸಿಟ್ಟು ಅಂದರೆ ಅದು ಸಿಟ್ಟಾಗಿ ಉಳಿದಿರುವುದಿಲ್ಲ, ಪಡಸಾಲೆಯ ನಡುವೆ ಹೂತ ಒರಳಿನ ಹಾಗೆ ಆಗಿರುತ್ತದೆ. ಯಾಕೆ ಅಲ್ಲಿದೆ ಅಂತ ಯಾರೂ ಕೇಳುವುದಿಲ್ಲ, ಸುತ್ತಿ ಬಳಸಿ ಓಡಾಡುತ್ತಾರೆ. ಆ ಮಾತನ್ನು ಎಷ್ಟು ಸಲ ಬಾಯಿಯೊಳಗೇ ಆಡಿ ನೋಡಿದ್ದೆನೋ. ಬಸ್‌ಸ್ಟ್ಯಾಂಡಿನಲ್ಲಿ, ಅವಳ ಬ್ಯಾಗು ಮೇಲೆ ಕಟ್ಟುವಾಗ. ಅಂಗಡಿಯಲ್ಲಿ, ಒಬ್ಬನೇ ದಾರ ತೀಡುವಾಗ. ಎರಡೇ ಮಾತು, ಮಗುವಿಗೂ ಬರುತ್ತವೆ. ನನಗೆ ಬಂದಿರಲಿಲ್ಲ.

ನಾನು ಕಂಬ ಬಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದೆ. ಟೀವಿಯ ಎದುರು ನಿಂತೆ. ಅವಳ ಮುಖ ನನ್ನ ಮುಖದಷ್ಟೇ ದೊಡ್ಡದಿತ್ತು. ಹುಬ್ಬಿನ ಮೇಲೆ ಬೆವರಿತ್ತು. ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.

"ನಿಂಬೀ," ಅಂದೆ. ಕೆಮ್ಮಿದೆ. "ನಿಂಬೆವ್ವಾ, ಒಳಗ ಬಾ."

ನನ್ನ ದನಿ ಸಾವಿರಾರು ಮೈಲಿ ಹೋಯಿತು ಅಂತ ನಾನು ಹೇಳುವುದಿಲ್ಲ. ಶಾಲೆ ಬಿಟ್ಟವನೇ ಹೊರತು ದಡ್ಡನಲ್ಲ. ಅಲ್ಲಿ ನಡೆದದ್ದನ್ನು ಎಲ್ಲರೂ ನೋಡಿದ್ದಾರೆ: ಗೋಲು ಹೊಡೆದ ಏಳನೇ ನಂಬರಿನವಳು ಕುಣಿದು ಮುಗಿಸಿ ವಾಪಸು ಓಡಿ ಬರುತ್ತಿದ್ದಳು, ದಾರಿಯಲ್ಲಿ ಕೈ ಎತ್ತಿ ನಿಂತವಳನ್ನು ಕಂಡು ನಿಂತಳು, ಏನು ತಿಳಿದುಕೊಂಡಳೋ, ಆ ಎತ್ತಿದ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನಗುತ್ತಾ ಗೆರೆಯೊಳಗೆ ಎಳೆದುಕೊಂಡಳು. ಅಷ್ಟೇ. ಆದರೆ ಯಾವುದು ಮೊದಲಾಯಿತು ಅಂತ ನಮ್ಮೂರಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಕರೆದದ್ದು ಮೊದಲು.

ಶಾಮಿಯಾನ ಕಿತ್ತು ಹೋಗುವ ಹಾಗೆ ಕೂಗು ಎದ್ದಿತು. ಯಾರೋ ನನ್ನ ಬೆನ್ನ ಮೇಲೆ ಗುದ್ದಿದರು, ಪ್ರೀತಿಯದೋ ಒಂಬತ್ತು ವರ್ಷದ ಬಾಕಿಯದೋ ಗೊತ್ತಾಗಲಿಲ್ಲ. ಅವ್ವ ನನ್ನ ಅಂಗಿಯ ತುದಿ ಹಿಡಿದು ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡಳು.

ಆಮೇಲಿನ ಆಟವನ್ನು ನಾನು ಕೂತು ನೋಡಿದೆ. ಅವಳು ಮತ್ತೆ ಎತ್ತಿ ಒದ್ದಳು, ಎಷ್ಟೋ ಸಲ, ಚೆಂಡು ಬಂತು, ಅವಳ ಕೈ ಮೇಲೇಳಲಿಲ್ಲ. ಎರಡನೇ ಅರ್ಧದಲ್ಲಿ ಇನ್ನು ಹತ್ತು ನಿಮಿಷ ಇರುವಾಗ ಎಡಗಡೆಯ ಮೂಲೆಯಲ್ಲಿ ಅವಳಿಗೆ ಚೆಂಡು ಸಿಕ್ಕಿತು. ಎದುರಿಗೆ ಆರು ಜನ ಹಳದಿ, ಹನ್ನೆರಡು ಕಾಲು. ಬೇರೆ ಯಾರೇ ಆದರೂ ಮೇಲಿಂದ ಎತ್ತಿ ಹಾಕುತ್ತಿದ್ದರು. ಅವರೆಲ್ಲ ಅದಕ್ಕೇ ಆಗಲೇ ತಲೆ ಎತ್ತಿ ನಿಂತಿದ್ದರು. ನಿಂಬೆವ್ವ ನೆಲ ನೋಡಿದಳು. ಪಾದದ ಒಳಬದಿಯಿಂದ ತಳ್ಳಿದಳು. ಬಾಗಿಲ ಸಂದಿಯಲ್ಲಿ ಹಾವು ನುಸುಳಿದ ಹಾಗೆ ಚೆಂಡು ಆ ಹನ್ನೆರಡು ಕಾಲುಗಳ ನಡುವೆ, ಒಂದಕ್ಕೂ ತಾಗದೆ, ಹುಲ್ಲು ಬಿಟ್ಟು ಒಂದು ಬೆರಳೂ ಏಳದೆ ಹೋಯಿತು. ಆ ಕಡೆ ನಮ್ಮ ಕ್ಯಾಪ್ಟನ್ ಕಾಲು ಇಟ್ಟಳು ಅಷ್ಟೇ. ಗೋಲು, ಒಂದಕ್ಕೊಂದು ಸಮ. ಆಟ ಹಾಗೇ ಮುಗಿಯಿತು.

ಗೆದ್ದಿಲ್ಲವಲ್ಲ ಅಂತ ಕೇಳುವವರಿಗೆ ನಾನು ಹೇಳುವುದಿಷ್ಟೇ: ಆ ಪಾಸನ್ನು ಟೀವಿಯವರು ಏಳು ಸಲ ತೋರಿಸಿದರು, ನಗುತ್ತಿದ್ದವರು ಆಗ ಮಾತಾಡಲಿಲ್ಲ. ಆ ಪಾಸು ನಮ್ಮ ಒಣ ಕೆರೆಯ ಬಿರುಕಿನಲ್ಲಿ ಹುಟ್ಟಿದ್ದು.

ಹೊತ್ತು ಇಳಿಯುತ್ತಿತ್ತು. ಶಾಮಿಯಾನ ಬಿಚ್ಚುತ್ತಿದ್ದರು. ಯಾರಿಗೂ ಮನೆಗೆ ಹೋಗುವ ಮನಸ್ಸಿರಲಿಲ್ಲ, ಬಯಲಲ್ಲೇ ಚಹಾ ಕಾಸಿದ್ದರು. ಅವ್ವನ ಮೊಬೈಲು ಹೊಡೆದುಕೊಂಡಿತು. ಅವ್ವ ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ಅವ್ವಾ, ನೋಡಿದ್ರೇನ?" ನಿಂಬೆವ್ವನ ದನಿ. ಹಿಂದೆ ಯಾರೋ ಹಾಡುತ್ತಿದ್ದರು.

"ನೋಡಿದ್ವಿ ನನ ಮಗಳ. ಊರ ಮಂದಿ ಎಲ್ಲಾ ಅದಾರ ಇಲ್ಲೇ."

"ನಾ ಹೊರಗ ನಿಂತಿದ್ನೆಲ್ಲ," ಅಂದಳು. "ಯಾರರ ಕರದ್ರೇನ?"

ಅವ್ವ ಮೊಬೈಲನ್ನು ನನ್ನ ಕೈಗೆ ಕೊಟ್ಟಳು. ಚಹಾ ಹೀರುವ ಸದ್ದು ನಿಂತಿತು.

"ನಾ ಕರದೆ," ಅಂದೆ.

ಅವಳು ಹಾಡುವವರಿಂದ ದೂರ ಸರಿದಳೇನೋ, ಆ ಸದ್ದು ಸಣ್ಣದಾಯಿತು. ಆಮೇಲೆ, "ಒಂಬತ್ತ ವರ್ಷ ಬೇಕಾತ ನಿನಗ."

"ಚೆಂಡು ಛಲೋ ಇತ್ತು."

"ಛಲೋ ಇತ್ತಾ?" ಅವಳ ದನಿ ಏರಿತು. "ಮೈಲಾರಿ, ಅದರ ಹೊಲಿಗಿ ಒಂದ ಕಡೆ ಬಿಗಿ ಆಗಿತ್ತು. ಮಗ್ಗಲಿಗೆ ಗಡ್ಡಿ ಬಂದಂಗ ಉಬ್ಬಿತ್ತು. ನಾ ನೆಟ್ಟಗ ತಳ್ಳಿದ್ದೆ, ಆ ಉಬ್ಬಿಗೆ ಪುಟದು ಮೊಣಕಾಲಿಗೆ ಬಂತು. ಅವತ್ತೇ ಗೊತ್ತಿತ್ತು ನನಗ."

"ಮತ್ತ ಯಾಕ ಹೇಳಲಿಲ್ಲ?"

"ಊರ ಮಂದಿ ಮುಂದ ನಿನ್ನ ಮೊದಲನೇ ಚೆಂಡಿಗೆ ಹೆಸರಿಡ್ಲೇನು?"

ನನಗೆ ಮೈ ಉರಿಯಿತು. ಸುಳ್ಳು ಅನ್ನಬೇಕು ಅಂತ ಬಾಯಿ ತೆರೆದೆ. ದಾವಲಸಾಬ ಕಾಕಾನ ಕಡೆ ನೋಡಿದೆ. ಕಾಕಾ ಲೋಟದ ತಳದಲ್ಲಿ ಏನನ್ನೋ ಹುಡುಕುತ್ತಿದ್ದ. ಆಗ ತಲೆ ಎತ್ತಿದೆ. ಹುಣಸೆಮರದ ಮೇಲೆ, ನಮ್ಮ ಮನೆಯ ಹದಿನಾಲ್ಕರಲ್ಲಿ ಕೊನೆಯದು, ನನ್ನ ಕೆಂಪು ಚೆಂಡು. ಓರೆಯಾಗಿ ಬರುವ ಸಂಜೆಯ ಬಿಸಿಲು ಅದರ ಒಂದು ಮಗ್ಗುಲಿಗೆ ಬಿದ್ದಿತ್ತು. ಒಂಬತ್ತು ವರ್ಷ ಅದರ ಕೆಳಗೇ ಓಡಾಡಿದ್ದೆ, ಯಾರು ಕಳೆದರು ಅಂತ ಯೋಚಿಸಿದ್ದೆನೇ ಹೊರತು ಸರಿಯಾಗಿ ನೋಡಿರಲಿಲ್ಲ. ಈಗ ನನಗೆ ಹೊಲಿಗೆ ಗೊತ್ತು. ದಿನಕ್ಕೆ ಎರಡು ಚೆಂಡು ಹೊಲಿಯುತ್ತೇನೆ. ಎಡಗಡೆ ನಾಲ್ಕನೇ ಸಾಲಿನಲ್ಲಿ ದಾರ ಅತಿಯಾಗಿ ಬಿಗಿದಿತ್ತು, ಪಕ್ಕದ ತುಂಡು ಉಬ್ಬಿಕೊಂಡು ನೆರಳು ಬೀಳಿಸಿತ್ತು. ಕೂಸಿಗೂ ಕಾಣುವಂತಿತ್ತು.

ಮೊಬೈಲನ್ನು ಅವ್ವನ ಕೈಗೆ ಕೊಟ್ಟೆ. ಬಲಗೈ ಎತ್ತಿದೆ. ಎತ್ತಿದ ಕೈ ಹಾಗೇ ಹಿಡಿದುಕೊಂಡು ಬಯಲು ದಾಟಿ ನಡೆದೆ. ಕೂತಿದ್ದವರೆಲ್ಲ ಎದ್ದು ನಿಂತರು. ಭರಮಜ್ಜ ಬೆಳಿಗ್ಗೆ ಹಾಕಿದ ಗೆರೆ ಅಚ್ಚ ಬಿಳಿಯಾಗಿತ್ತು. ಅದನ್ನು ದಾಟಿ, ಅವಳು ಒಂದು ತಿಂಗಳು ನಿಂತ ಜಾಗದಲ್ಲೇ ಹೋಗಿ ನಿಂತೆ.

"ಏನಾತು? ಯಾಕ ಎಲ್ಲಾರೂ ಸುಮ್ಮನಾದ್ರಿ?" ಸ್ಪೀಕರಿನಲ್ಲಿ ನಿಂಬೆವ್ವ ಕೇಳುತ್ತಿದ್ದಳು.

"ನಿಮ್ಮಣ್ಣ ಕೈ ಎತ್ಯಾನ. ಗೆರಿ ದಾಟಿ ನಿಂತಾನ," ಅಂದಳು ಅವ್ವ. ದನಿಯಲ್ಲಿ ನಗುವಿತ್ತೋ ಅಳುವಿತ್ತೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ.

ಈಗ ಒಂದು ತೊಡಕು ಬಂತು. ಚೆಂಡಿನ ಒಡೆಯ ಕರೆಯಬೇಕು. ಒಡೆಯನೇ ಹೊರಗೆ ನಿಂತಿದ್ದಾನೆ. ಎಲ್ಲರೂ ಭರಮಜ್ಜನ ಬಾಯಿ ನೋಡಿದರು. ಭರಮಜ್ಜ ಬಹಳ ಯೋಚಿಸಲಿಲ್ಲ. "ಅಂವನ ಚೆಂಡಿಗೆ ಒಂಬತ್ತ ವರ್ಷ ಹೊರಗ ನಿಂತಾಕಿ ಯಾರು? ಚೆಂಡು ಇನ್ನಮ್ಯಾಲ ಅಕೀದು," ಅಂದ. "ಅಕಿನ್ನ ಕೇಳ್ರಿ."

ಅವ್ವ ಮೊಬೈಲನ್ನು ನನ್ನ ಕಡೆ ಎತ್ತಿ ಹಿಡಿದಳು. ಇಡೀ ಬಯಲು ಕಿವಿಯಾಗಿತ್ತು. ಸಾವಿರಾರು ಮೈಲಿ ಆಚೆ ನನ್ನ ತಂಗಿ ನಗುತ್ತಿದ್ದಳು, ಹನ್ನೊಂದು ವರ್ಷದವಳು ನಗುವ ಹಾಗೆ.

"ನಿಂತಿರಲಿ," ಅಂದಳು. "ಟೂರ್ನಿ ಮುಗಿಸಿ ಬರ್ತೀನಲ್ಲ, ಬಯಲಾಗಿಂದನ ನಡಕೊಂತ ಬಂದು ಕರೀತೀನಿ."

ಟೂರ್ನಿ ಮುಗಿಯಲು ಇನ್ನೂ ಇಪ್ಪತ್ತೊಂಬತ್ತು ದಿನ ಇದೆ. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ನಿಲ್ಲುತ್ತೇನೆ. ದಾರಿಯಲ್ಲಿ ಹೋಗುವ ಹೊರಗಿನವರು ಯಾರಾದರೂ, ಯಾಕಪ್ಪಾ ಕೈ ಎತ್ತಿ ನಿಂತಿದ್ದೀಯ ಅಂತ ಕೇಳಿದರೆ, ಮೂರನೇ ನಂಬರಿನ ನಿಂಬೆವ್ವ ನನ್ನ ತಂಗಿ ಅನ್ನುತ್ತೇನೆ.